ಬ್ಯಾಕ್ಟೀರಿಯಾಗಳ ಕೋರಂ ಮತ್ತು ನಮ್ಮ ಕಾಮರ್ಸ್ ಕ್ಲಾಸು



ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಈ ಸಲ ಬ್ಯಾಕ್ಟೀರಿಯಾ ಬಗ್ಗೆ ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ನನ್ನ ಗೆಳತಿ ನಕ್ಕಳು. "ನೀನು ಜಿಎಸ್‌ಟಿ ಬಗ್ಗೆ ಬರಿ, ಇದನ್ನು ನಮಗೆ ಬಿಡು" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳ ಮಾತು ತಪ್ಪು ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲೇ ಸುದ್ದಿ ಕಳಿಸಿಕೊಳ್ಳುತ್ತವೆ. ಆ ಸುದ್ದಿಯನ್ನು ತಡೆಯುವ ರಾಸಾಯನಿಕಗಳನ್ನು ಈಗ ಕಂಪ್ಯೂಟರ್ ಸಹಾಯದಿಂದ ಹುಡುಕುತ್ತಿದ್ದಾರೆ. ಆದರೆ ಅಂಥದ್ದೊಂದು ಔಷಧ ಸಿಕ್ಕರೂ ಅದು ರೋಗಿಯ ಕೈಗೆ ಬರುತ್ತದೋ ಇಲ್ಲವೋ ಎಂಬುದು ದುಡ್ಡಿನ ಪ್ರಶ್ನೆ. ಅದು ಬರುವವರೆಗೆ ಈಗಿರುವ ಔಷಧಗಳು ಉಳಿಯುತ್ತವೋ ಇಲ್ಲವೋ ಎಂಬುದು ನಮ್ಮ ನಿಮ್ಮ ಮನೆಗಳ ಪ್ರಶ್ನೆ. ಹಾಗಾಗಿ ಇದನ್ನು ಸೈನ್ಸ್‌ನವರಿಗೆ ಮಾತ್ರ ಬಿಡಲು ಆಗುವುದಿಲ್ಲ.

ನನಗೆ ಈ ವಿಷಯ ಪುಸ್ತಕದಿಂದ ಬಂದದ್ದಲ್ಲ, ಅಬ್ಬಾ ಅವರ ಕಾಲಿನಿಂದ ಬಂದದ್ದು.

ಅಬ್ಬಾ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಕೆಲಸಗಾರರು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದ ಜೋಮು ಹಿಡಿದಂತಾಗಿ ನೋವು ಗೊತ್ತಾಗುವುದಿಲ್ಲ. ಕಳೆದ ವರ್ಷ ಒಂದು ದಿನ ಬಿಸಿ ಬೂದಿಯ ಮೇಲೆ ಕಾಲಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ರಾತ್ರಿ ಅಮ್ಮಿ ನೋಡಿ ಕೂಗಿಕೊಂಡಾಗಲೇ ಗೊತ್ತಾದದ್ದು. ಮಾರನೆಯ ದಿನ ಮೆಡಿಕಲ್ ಅಂಗಡಿಗೆ ಹೋದವಳು ನಾನೇ. ಮನೆಯಲ್ಲಿದ್ದ ಹಳೆಯ ಮಾತ್ರೆ ಪಟ್ಟಿ ತೋರಿಸಿ "ಇದೇ ಕೊಡಿ" ಎಂದೆ, ಕೊಟ್ಟರು. ಚೀಟಿ ಕೇಳಲಿಲ್ಲ. ಅಬ್ಬಾ ಮೂರು ದಿನ ತೆಗೆದುಕೊಂಡು, ಸ್ವಲ್ಪ ಒಣಗಿದಂತೆ ಕಂಡಿದ್ದರಿಂದ ಬಿಟ್ಟರು. ಆ ಪಟ್ಟಿಯ ಹಿಂಭಾಗದಲ್ಲಿ ಒಂದು ಕೆಂಪು ಗೆರೆ ಇತ್ತು. ಡಾಕ್ಟರ್ ಚೀಟಿ ಇಲ್ಲದೆ ಈ ಮಾತ್ರೆ ತೆಗೆದುಕೊಳ್ಳಬಾರದು ಎಂದು ಅದರ ಅರ್ಥ. ಕೇಂದ್ರ ಸರ್ಕಾರ 2016ರಲ್ಲಿ ಇದರ ಬಗ್ಗೆ ಪ್ರಚಾರವನ್ನೂ ಮಾಡಿತ್ತು. ನಾನು ಆ ಗೆರೆಯನ್ನು ಡಿಸೈನ್ ಎಂದುಕೊಂಡಿದ್ದೆ.

ಎರಡು ವಾರಕ್ಕೆ ಗಾಯದ ಬಟ್ಟೆ ಹಸಿರು ಬಣ್ಣಕ್ಕೆ ತಿರುಗಿತು, ಒಂಥರಾ ವಾಸನೆ ಬರತೊಡಗಿತು. ಆಸ್ಪತ್ರೆಯಲ್ಲಿ ಕೀವು ತೆಗೆದು ಕಲ್ಚರ್ ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಇಂಗ್ಲಿಷಿನಲ್ಲಿ ಬಂತು. ಅಬ್ಬಾಗೆ ಉರ್ದು ಬಿಟ್ಟರೆ ಓದಲು ಬರುವುದಿಲ್ಲ, ಡಾಕ್ಟರ್ ಮಾತಾಡುವುದು ಕನ್ನಡ. ನಡುವೆ ನಾನು. ರಿಪೋರ್ಟಿನಲ್ಲಿ ಹನ್ನೆರಡು ಔಷಧಗಳ ಹೆಸರು, ಪ್ರತಿಯೊಂದರ ಮುಂದೆ ಎಸ್ ಅಥವಾ ಆರ್ ಎಂಬ ಅಕ್ಷರ. ಎಸ್ ಎಂದರೆ ಸೆನ್ಸಿಟಿವ್, ಅಂದರೆ ಈ ಔಷಧ ಅಬ್ಬಾ ಮೈಗೆ ಆಗಿಬರುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡು ಮನೆಯಲ್ಲಿ ಹಾಗೇ ಹೇಳಿದೆ. ಮಾರನೆಯ ದಿನ ಡಾಕ್ಟರ್ ತಿದ್ದಿದರು: "ನೋಡಮ್ಮ, ಎಸ್ ಅಂದರೆ ಈ ಔಷಧಕ್ಕೆ ಕೀಟಾಣು ಬಗ್ಗುತ್ತದೆ. ಆರ್ ಅಂದರೆ ಬಗ್ಗುವುದಿಲ್ಲ." ಹನ್ನೆರಡರಲ್ಲಿ ಏಳರ ಮುಂದೆ ಆರ್ ಇತ್ತು.

ಕೀಟಾಣುವಿನ ಹೆಸರು ಸೂಡೋಮೊನಾಸ್ ಎರುಜಿನೋಸಾ. ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಹುಣ್ಣು, ಆಸ್ಪತ್ರೆಯಲ್ಲಿ ಹಾಕುವ ನಳಿಕೆ, ಇಂಥ ಕಡೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ ಇದು. ನಾನು ತಂದುಕೊಟ್ಟ ಮಾತ್ರೆ ಈ ಬ್ಯಾಕ್ಟೀರಿಯಾಕ್ಕೆ ಮೊದಲಿನಿಂದಲೂ ನಾಟುವುದೇ ಇಲ್ಲವಂತೆ. ಅಂದರೆ ಆ ಮೂರು ದಿನ ನಾವು ಔಷಧವನ್ನೂ ಸಮಯವನ್ನೂ ಎರಡನ್ನೂ ಕಳೆದುಕೊಂಡಿದ್ದೆವು. ಕೊನೆಗೆ ಇಂಜೆಕ್ಷನ್‌ಗಳಿಂದ ಗಾಯ ಹತೋಟಿಗೆ ಬಂತು, ಆದರೆ ಎಡಗಾಲಿನ ಕಿರುಬೆರಳು ತೆಗೆಯಬೇಕಾಯಿತು. ಅಬ್ಬಾ ಈಗ ಭಟ್ಟಿಯ ಹತ್ತಿರ ಹೋಗುವುದಿಲ್ಲ, ಮಂಡಕ್ಕಿ ಚೀಲ ತೂಗುವ ಕಡೆ ಕೂರುತ್ತಾರೆ. ಕೂಲಿ ಕಡಿಮೆಯಾಗಿದೆ. ಡ್ರೆಸ್ಸಿಂಗ್, ಇಂಜೆಕ್ಷನ್, ಆಟೋ, ಎಲ್ಲ ಖರ್ಚನ್ನೂ ನಾನು ಅಕೌಂಟ್ಸ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಆ ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು.

ಆಮೇಲೆ ಒಂದು ದಿನ ನಮ್ಮ ಬಯಾಲಜಿ ಮೇಡಂ ಹತ್ತಿರ ಹೋಗಿ ಕೇಳಿದೆ: "ಗಾಯದ ಬಟ್ಟೆ ಯಾಕೆ ಹಸಿರಾಯಿತು? ಮೊದಲ ವಾರ ಹಾಗಿರಲಿಲ್ಲವಲ್ಲ?" ಅವರು ಬೋರ್ಡಿನ ಮೇಲೆ ಎರಡು ಪದ ಬರೆದರು: ಕೋರಂ ಸೆನ್ಸಿಂಗ್. ನನಗೆ ಆಶ್ಚರ್ಯವಾಯಿತು. "ಮೇಡಂ, ಕೋರಂ ನಮ್ಮ ಪದ ಅಲ್ವಾ?" ಎಂದೆ.

ಕಾಮರ್ಸ್‌ನವರಿಗೆ ಇದು ಗೊತ್ತು. ಕಂಪನಿಯ ಸಭೆ ನಡೆಯಬೇಕಾದರೆ ಇಂತಿಷ್ಟು ಸದಸ್ಯರು ಹಾಜರಿರಲೇಬೇಕು, ಅದೇ ಕೋರಂ. 2013ರ ಕಂಪನಿ ಕಾಯ್ದೆಯ ಪ್ರಕಾರ ಸಾವಿರದವರೆಗೆ ಸದಸ್ಯರಿರುವ ಪಬ್ಲಿಕ್ ಕಂಪನಿಯ ಸಭೆಗೆ ಕನಿಷ್ಠ 5 ಸದಸ್ಯರು ಖುದ್ದಾಗಿ ಬಂದಿರಬೇಕು. ಅರ್ಧ ಗಂಟೆ ಕಾದರೂ ಅಷ್ಟು ಜನ ಸೇರದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ನಮ್ಮ ಮೊಹಲ್ಲಾದ ಜಮಾತ್ ಮೀಟಿಂಗಿನಲ್ಲೂ ಜನ ಸೇರದಿದ್ದರೆ ಚಹಾ ಕುಡಿದು ಎದ್ದು ಹೋಗುತ್ತಾರೆ, ನಿರ್ಣಯ ಆಗುವುದಿಲ್ಲ.

ಬ್ಯಾಕ್ಟೀರಿಯಾಗಳೂ ಹೀಗೆಯೇ ಎಂದು ಮೊದಲು ಗೊತ್ತಾದದ್ದು ಸಮುದ್ರದಲ್ಲಿ. ವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾ ಬೆಳಕು ಕೊಡುತ್ತದೆ. ಹವಾಯಿ ಕಡಲಿನ ಒಂದು ಚಿಕ್ಕ ಸ್ಕ್ವಿಡ್‌ನ ದೇಹದಲ್ಲಿ ಅದು ವಾಸ ಮಾಡುತ್ತದೆ. ಆದರೆ ಸಂಖ್ಯೆ ಕಡಿಮೆ ಇದ್ದಾಗ ಬೆಳಗುವುದಿಲ್ಲ, ಗುಂಪು ದೊಡ್ಡದಾದ ಮೇಲೆ ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಅಮೆರಿಕದ ಕೆನೆತ್ ನೀಲ್ಸನ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಮತ್ತು ಅವರ ಜೊತೆಗಾರರು 1970ರಲ್ಲಿ ಇದನ್ನು ವಿವರಿಸಿದರು. ಪ್ರತಿಯೊಂದು ಬ್ಯಾಕ್ಟೀರಿಯಾವೂ ಒಂದು ಚಿಕ್ಕ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಹಾಜರಿ ಕೂಗಿದಾಗ "ಎಸ್ ಸರ್" ಎನ್ನುವಂತೆ. ಒಂದೆರಡೇ ಇದ್ದರೆ ಆ ಅಣು ನೀರಿನಲ್ಲಿ ಕರಗಿ ಹೋಗುತ್ತದೆ. ಸಾವಿರಾರು ಸೇರಿದರೆ ಅಣುಗಳು ಸುತ್ತಲೂ ತುಂಬಿಕೊಂಡು, "ನಾವು ಸಾಕಷ್ಟು ಜನ ಇದ್ದೇವೆ" ಎಂಬುದು ಎಲ್ಲಕ್ಕೂ ಗೊತ್ತಾಗುತ್ತದೆ. ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರು ಬಂದದ್ದು 1994ರಲ್ಲಿ.

ಅಬ್ಬಾ ಗಾಯದಲ್ಲಿದ್ದ ಸೂಡೋಮೊನಾಸ್ ಕೂಡ ಇದನ್ನೇ ಮಾಡುತ್ತದೆ. ಕಡಿಮೆ ಇದ್ದಾಗ ಸುಮ್ಮನಿರುತ್ತದೆ. ಕೋರಂ ಸೇರಿದ ಮೇಲೆ ವಿಷ ಬಿಡಲು ಶುರು ಮಾಡುತ್ತದೆ, ನಮ್ಮ ಮಾಂಸಖಂಡದ ಅಂಶಗಳನ್ನು ಕರಗಿಸುವ ಕಿಣ್ವ ಬಿಡುತ್ತದೆ, ಪಯೋಸಯನಿನ್ ಎಂಬ ನೀಲಿ ಹಸಿರು ಬಣ್ಣ ಬಿಡುತ್ತದೆ. ಬಟ್ಟೆ ಹಸಿರಾಗಿದ್ದು ಹೀಗೆ. ಜೊತೆಗೆ ಬಯೋಫಿಲ್ಮ್ ಎಂಬ ಲೋಳೆಯ ಪದರ ಗಟ್ಟಿಯಾಗುತ್ತದೆ. ಅದರೊಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಔಷಧ ಸರಿಯಾಗಿ ನಾಟುವುದಿಲ್ಲ.

ಈಗ ಉಪಾಯ ಏನು? ಆ್ಯಂಟಿಬಯಾಟಿಕ್ ಮಾಡುವುದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಕೆಲಸ. ಹಾಗೆ ಕೊಂದಾಗ ಹೇಗೋ ಬದುಕಿ ಉಳಿದವು ಮುಂದೆ ವಂಶ ಬೆಳೆಸುತ್ತವೆ, ಆ ಔಷಧ ಕೆಲಸಕ್ಕೆ ಬಾರದಂತಾಗುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಅರೆಬರೆ ಔಷಧ ತಿನ್ನುವುದರ ಅಪಾಯ ಹೇಳಿದ್ದರು. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಅದಕ್ಕೇ ಕೆಲವು ವಿಜ್ಞಾನಿಗಳು ಬೇರೆ ದಾರಿ ನೋಡುತ್ತಿದ್ದಾರೆ: ಕೊಲ್ಲುವುದು ಬೇಡ, ಕೋರಂ ಸೇರಿದೆ ಎಂಬುದು ಅವುಗಳಿಗೆ ಗೊತ್ತಾಗದಂತೆ ಮಾಡಿದರೆ ಸಾಕು. ಸಭೆ ಶುರುವಾಗದಿದ್ದರೆ ನಿರ್ಣಯವೂ ಇಲ್ಲ. ಅಷ್ಟರಲ್ಲಿ ನಮ್ಮ ದೇಹದ ರಕ್ಷಣಾ ಕಣಗಳೂ ಬೇರೆ ಔಷಧವೂ ಅವುಗಳನ್ನು ತೆಗೆದುಹಾಕಬಹುದು.

ಇಲ್ಲಿ ಕಂಪ್ಯೂಟರ್ ಬರುತ್ತದೆ. ಸೂಡೋಮೊನಾಸ್‌ನಲ್ಲಿ ಆ ಸಂಕೇತದ ಅಣುವನ್ನು ಹಿಡಿಯುವ ಒಂದು ಪ್ರೋಟೀನ್ ಇದೆ, ಹೆಸರು ಲಾಸ್‌ಆರ್. ಅದನ್ನು ಬೀಗ ಎಂದುಕೊಳ್ಳಿ, ಸಂಕೇತದ ಅಣು ಕೀಲಿಕೈ. ಬೀಗದೊಳಗೆ ಹೋಗಿ ಕೂರುವ, ಆದರೆ ತಿರುಗದ ಒಂದು ಸುಳ್ಳು ಕೀಲಿಕೈ ಸಿಕ್ಕರೆ ನಿಜವಾದ ಕೀಲಿಕೈಗೆ ಜಾಗ ಇರುವುದಿಲ್ಲ. ಬೀಗದ ಒಳಗಿನ ಆಕಾರ ಹೇಗಿದೆ ಎಂಬುದು 2007ರಲ್ಲಿ ಎಕ್ಸ್‌ರೇ ವಿಧಾನದಿಂದ ಗೊತ್ತಾಯಿತು. ಅಂಥ ಆಕಾರಗಳನ್ನೆಲ್ಲ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬಲ್ಲಿ ಇಡುತ್ತಾರೆ. 1971ರಲ್ಲಿ ಏಳು ಪ್ರೋಟೀನುಗಳಿಂದ ಶುರುವಾದ ಈ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ಆಕಾರಗಳಿವೆ. ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಬಡ್ಡಿ ಇಲ್ಲದ ಬ್ಯಾಂಕ್!

ಕಂಪ್ಯೂಟರ್ ಮಾಡುವುದು ಏನೆಂದರೆ, ಸಾವಿರಾರು ಅಣುಗಳನ್ನು ಒಂದೊಂದಾಗಿ ತೆಗೆದುಕೊಂಡು ಆ ಬೀಗದಲ್ಲಿ ಬೇರೆ ಬೇರೆ ರೀತಿಯಲ್ಲಿ ಕೂರಿಸಿ ನೋಡಿ ಅಂಕ ಕೊಡುವುದು. ಚೆನ್ನಾಗಿ ಕೂತದ್ದು ಪಟ್ಟಿಯ ಮೇಲೆ, ಕೂರದ್ದು ಕೆಳಗೆ. ಇದಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ. ಇದೂ ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಪದ! ಸಿಬ್ಬಂದಿ ನೇಮಕದ ಪಾಠದಲ್ಲಿ ಮೊದಲ ಹಂತ ಅರ್ಜಿಗಳ ಸ್ಕ್ರೀನಿಂಗ್, ಆಮೇಲೆ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಅರ್ಜಿ ಚೆನ್ನಾಗಿದೆ ಎಂದು ಯಾರೂ ನೇರವಾಗಿ ಕೆಲಸ ಕೊಡುವುದಿಲ್ಲ. ಕಂಪ್ಯೂಟರ್ ಕೊಡುವುದು ಆ ಮೊದಲ ಪಟ್ಟಿ ಮಾತ್ರ. "ಕಂಪ್ಯೂಟರ್ ಔಷಧ ಕಂಡುಹಿಡಿಯಿತು" ಎಂದು ಬರೆಯುವುದು ಅರ್ಜಿ ಹಾಕಿದವನಿಗೆ ಪೆನ್ಷನ್ ಬಂತು ಎಂದಂತೆ.

ಒಂದು ನಿಜವಾದ ಉದಾಹರಣೆ ಇದೆ. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಲಾಸ್‌ಆರ್ ಬೀಗಕ್ಕೆ ಹೊಂದುವ ಅಣುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿದರು. ಹೊಸ ಅಣು ತಯಾರಿಸುವ ಬದಲು, ಆಗಲೇ ಔಷಧವಾಗಿ ಬಳಕೆಯಲ್ಲಿದ್ದವನ್ನೂ ಪ್ರಕೃತಿಯಲ್ಲಿ ಸಿಗುವವನ್ನೂ ಜಾಲಾಡಿದರು. ಪಟ್ಟಿಯ ಮೇಲಿನ ಆರನ್ನು ತೆಗೆದುಕೊಂಡು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ಮಾಡಿದರು. ಆರೂ ಹಳೆಯ ಔಷಧಗಳೇ. ಅವುಗಳಲ್ಲಿ ಮೂರು ನಿಜವಾಗಿ ಕೋರಂ ಸೆನ್ಸಿಂಗ್ ತಗ್ಗಿಸಿದವು: ಚರ್ಮದ ಮುಲಾಮುಗಳಲ್ಲಿ ಇರುವ ಸ್ಯಾಲಿಸಿಲಿಕ್ ಆ್ಯಸಿಡ್, ಭೇದಿಗೆ ಕೊಡುವ ನಿಫುರಾಕ್ಸಜೈಡ್, ಸ್ನಾಯು ಸೆಳೆತಕ್ಕೆ ಕೊಡುವ ಕ್ಲೋರ್‌ಜಾಕ್ಸಜೋನ್. ಆರರಲ್ಲಿ ಮೂರು ಎಂದರೆ ಒಳ್ಳೆಯ ಫಲಿತಾಂಶ. ಆದರೆ ಕಂಪ್ಯೂಟರ್ ಪಾಸು ಮಾಡಿದ್ದರಲ್ಲಿ ಅರ್ಧ ಫೇಲಾದವು ಎಂಬುದನ್ನೂ ಮರೆಯಬಾರದು.

ಇದನ್ನು ಮನೆಯಲ್ಲಿ ಹೇಳುವಾಗ ಬೆಳ್ಳುಳ್ಳಿಯ ವಿಷಯವೂ ಬಂತು. ಬೆಳ್ಳುಳ್ಳಿಯಲ್ಲಿರುವ ಅಜೋಯಿನ್ ಎಂಬ ಅಂಶ ಸೂಡೋಮೊನಾಸ್‌ನ ಕೋರಂ ಸೆನ್ಸಿಂಗನ್ನು ತಡೆಯುತ್ತದೆ ಎಂದು 2012ರಲ್ಲಿ ತೋರಿಸಿದ್ದಾರೆ. ನಾನಿ ಕೂಡಲೇ "ಮೈ ಬೋಲೀ ಥೀ ನಾ!" ಎಂದರು. ನಾನು ಹೇಳಿದ್ದೆನಲ್ಲಾ, ಎಂದು. ಅವರು ಮೊದಲ ದಿನವೇ ಬೆಳ್ಳುಳ್ಳಿ ಅರೆದು ಹಚ್ಚಿ ಎಂದಿದ್ದರು. ನಾನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ದಯವಿಟ್ಟು ಹಚ್ಚಬೇಡಿ. ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ. ಆಣಿಗೆ ಹಚ್ಚುವ ಸ್ಯಾಲಿಸಿಲಿಕ್ ಮುಲಾಮು ಸಕ್ಕರೆ ಕಾಯಿಲೆಯವರ ಕಾಲಿಗೆ ಅಪಾಯ. ಪ್ರಯೋಗಾಲಯದ ತಟ್ಟೆಯಲ್ಲಿ ಕೆಲಸ ಮಾಡಿದ್ದು ಬೇರೆ, ಮನುಷ್ಯನ ಕಾಲಿನಲ್ಲಿ ಕೆಲಸ ಮಾಡುವುದು ಬೇರೆ. ಕೋರಂ ತಡೆಯುವುದಕ್ಕೆಂದೇ ಮಾಡಿದ ಔಷಧ ಇನ್ನೂ ಯಾವ ಮೆಡಿಕಲ್ ಅಂಗಡಿಗೂ ಬಂದಿಲ್ಲ.

ಈ ದಾರಿಯಲ್ಲೂ ತೊಡಕುಗಳಿವೆ, ಮುಚ್ಚಿಡಬಾರದು. ಆಸ್ಟ್ರೇಲಿಯಾದ ಒಂದು ಕೆಂಪು ಕಡಲಕಳೆಯಲ್ಲಿ ಫ್ಯೂರನೋನ್ ಎಂಬ ಅಣುಗಳು ಸಿಕ್ಕಿದವು. ಬ್ಯಾಕ್ಟೀರಿಯಾ ತನ್ನ ಮೇಲೆ ಕೂರದಂತೆ ಆ ಕಳೆ ಅವುಗಳಿಂದ ಕೋರಂ ಕೆಡಿಸುತ್ತದೆ. ಎಲ್ಲರಿಗೂ ಆಸೆ ಹುಟ್ಟಿತು, ಆದರೆ ಅವು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿ. ಇನ್ನೊಂದು, ಕೊಲ್ಲದ ಔಷಧಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ ಎಂದು ಮೊದಲು ಹೇಳುತ್ತಿದ್ದರು. ಫ್ಯೂರನೋನನ್ನು ಹೊರಗೆ ಪಂಪ್ ಮಾಡಿ ಪಾರಾಗುವ ಸೂಡೋಮೊನಾಸ್ 2012ರಲ್ಲೇ ಕಂಡುಬಂದಿದೆ. ಆದ್ದರಿಂದ ಇದು ಪವಾಡವಲ್ಲ. ನಿಧಾನವಾಗಬಹುದು, ನಿಲ್ಲುವುದಿಲ್ಲ.

ಆದರೆ ನನ್ನ ಪ್ರಕಾರ ದೊಡ್ಡ ತೊಡಕು ಪ್ರಯೋಗಾಲಯದಲ್ಲಿಲ್ಲ, ಲಾಭ ನಷ್ಟದ ಖಾತೆಯಲ್ಲಿದೆ. ಸೋಪು ಮಾಡುವವನಿಗೆ ಹೆಚ್ಚು ಮಾರಿದಷ್ಟೂ ಲಾಭ. ಹೊಸ ಆ್ಯಂಟಿಬಯಾಟಿಕ್ ಮಾಡುವವನಿಗೆ ನಾವೇ ಹೇಳುತ್ತೇವೆ: ಇದನ್ನು ಜೋಪಾನವಾಗಿ ಇಡಿ, ಬೇರೆ ಯಾವುದೂ ನಾಟದಿದ್ದಾಗ ಮಾತ್ರ ಕೊಡುತ್ತೇವೆ. ಹಾಗಾದರೆ ಅವನು ಹಾಕಿದ ಬಂಡವಾಳ ವಾಪಸು ಬರುವುದು ಹೇಗೆ? ಅಮೆರಿಕದ ಅಕಾವೊಜೆನ್ ಎಂಬ ಕಂಪನಿಯ ಪ್ಲಾಜೊಮೈಸಿನ್ ಎಂಬ ಔಷಧಕ್ಕೆ 2018ರ ಜೂನ್‌ನಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದು ವರ್ಷವೂ ತುಂಬಿರಲಿಲ್ಲ. ಒಳ್ಳೆಯ ಔಷಧ ಮಾಡಿ ಮುಳುಗಿದ ಕಂಪನಿ ನೋಡಿದ ಮೇಲೆ, ಕೋರಂ ತಡೆಯುವ ಔಷಧಕ್ಕೆ ಯಾರು ದುಡ್ಡು ಹಾಕುತ್ತಾರೆ? ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಇಲ್ಲ, ಬಹುಶಃ ಇನ್ನೊಂದು ಔಷಧದ ಜೊತೆಗೇ ಕೊಡಬೇಕಾಗುತ್ತದೆ.

ಇದಕ್ಕೆ ಉತ್ತರ ಕಾಮರ್ಸ್‌ನಲ್ಲಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2022ರಲ್ಲಿ ಎರಡು ಆ್ಯಂಟಿಬಯಾಟಿಕ್‌ಗಳಿಗೆ ವರ್ಷಕ್ಕಿಷ್ಟು ಎಂದು ಮೊತ್ತ ಕೊಡಲು ಶುರು ಮಾಡಿತು. ಆಗ ಒಂದೊಂದಕ್ಕೆ ವರ್ಷಕ್ಕೆ ಗರಿಷ್ಠ 1 ಕೋಟಿ ಪೌಂಡ್ ಇತ್ತು. ಎಷ್ಟು ಇಂಜೆಕ್ಷನ್ ಖರ್ಚಾಯಿತು ಎಂಬುದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಕಾಲೇಜಿನ ವಾಚ್‌ಮನ್ ಚಾಚಾಗೆ ಕಳ್ಳ ಬಂದ ದಿನ ಮಾತ್ರ ಸಂಬಳ ಕೊಡುತ್ತೇವೆಯೇ? ಕಳ್ಳ ಬಾರದಿರಲಿ ಎಂದೇ ಸಂಬಳ. ಔಷಧಕ್ಕೂ ಹಾಗೆಯೇ ಕೊಡಬೇಕು. ಭಾರತದಂಥ ದೇಶ ಇದನ್ನು ತನ್ನದೇ ರೀತಿಯಲ್ಲಿ ಮಾಡಬಹುದು, ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಲೆಕ್ಕ ಹಾಕಬೇಕಾದವರು ನಾಳೆ ನಮ್ಮ ವಿಭಾಗದಿಂದಲೇ ಬರುತ್ತಾರೆ. ಬ್ಯಾಕ್ಟೀರಿಯಾ ಎಂದರೆ ಏನೆಂದು ಗೊತ್ತಿಲ್ಲದವರು ಆ ಲೆಕ್ಕವನ್ನು ಸರಿಯಾಗಿ ಹಾಕಲಾರರು.

ಒಬ್ಬ ಸರ್ ನನಗೆ ಹೇಳಿದರು: "ಇಷ್ಟೆಲ್ಲ ಯಾಕಮ್ಮ? ಕೈ ತೊಳೆಯುವುದು, ಸಕ್ಕರೆ ಕಾಯಿಲೆಯವರು ಚಪ್ಪಲಿ ಹಾಕುವುದು, ದಿನಾ ಪಾದ ನೋಡಿಕೊಳ್ಳುವುದು, ಇಷ್ಟು ಮಾಡಿದರೆ ಸಾಕಲ್ಲ." ಸರ್ ಹೇಳಿದ್ದು ನೂರಕ್ಕೆ ನೂರು ಸರಿ, ಮತ್ತು ಇವತ್ತು ಅದೇ ಹೆಚ್ಚು ಉಪಯೋಗ. ಅಬ್ಬಾ ಕಾಲಿಗೆ ಮುಚ್ಚಿದ ಚಪ್ಪಲಿ ಇದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ಚಪ್ಪಲಿ ಹಾಕಿಕೊಂಡವರಿಗೂ ಗಾಯ ಆಗುತ್ತದೆ. ಆಗ ರಿಪೋರ್ಟಿನಲ್ಲಿ ಎಲ್ಲದರ ಮುಂದೆಯೂ ಆರ್ ಇದ್ದರೆ ಏನು ಮಾಡುವುದು?

ಕೊನೆಗೆ ನಮ್ಮ ಕಾಲೇಜಿನ ಬಗ್ಗೆ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ನಾವು ಟ್ಯಾಲಿ ಕಲಿಯುತ್ತೇವೆ. ಅಣುವನ್ನು ಪ್ರೋಟೀನಿನಲ್ಲಿ ಕೂರಿಸಿ ನೋಡುವ ಆಟೋಡಾಕ್ ವಿನಾದಂಥ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಕಂಪ್ಯೂಟರಿನಲ್ಲೂ ಒಂದೊಂದು ಅಣುವನ್ನು ನೋಡಬಹುದು. ನಾವು ಔಷಧ ಕಂಡುಹಿಡಿಯುತ್ತೇವೆ ಎಂದು ನಾನು ಹೇಳುತ್ತಿಲ್ಲ. ಆದರೆ ಸಿಎಸ್‌ಐಆರ್ 2008ರಲ್ಲಿ ಕ್ಷಯರೋಗದ ಔಷಧಕ್ಕಾಗಿ ಓಪನ್ ಸೋರ್ಸ್ ಡ್ರಗ್ ಡಿಸ್ಕವರಿ ಎಂಬ ಯೋಜನೆ ಶುರು ಮಾಡಿದಾಗ ದೇಶದ ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳು ಅದರಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿದರು. ವಿದ್ಯಾರ್ಥಿಗಳಿಂದ ಆಗುವ ಕೆಲಸ ಇದೆ. ಆದ್ದರಿಂದ ಪ್ರಾಂಶುಪಾಲರಲ್ಲಿ ನನ್ನ ವಿನಂತಿ: ತಿಂಗಳಿಗೆ ಒಂದು ಶನಿವಾರ, ಕೊನೆಯ ಪೀರಿಯಡ್, ಸೈನ್ಸ್ ಮತ್ತು ಕಾಮರ್ಸ್ ವಿದ್ಯಾರ್ಥಿಗಳನ್ನು ಒಟ್ಟಿಗೆ ಲ್ಯಾಬಿನಲ್ಲಿ ಕೂರಿಸಿ. ಅವರು ಅಣು ತೋರಿಸಲಿ, ನಾವು ಲೆಕ್ಕ ತೋರಿಸುತ್ತೇವೆ. ಮೇಡಂ ಬರಲು ಒಪ್ಪಿದ್ದಾರೆ.

ವಿದ್ಯಾರ್ಥಿಗಳಲ್ಲಿ ಕೇಳುವುದು ಇದಕ್ಕಿಂತ ಸುಲಭ. ಇವತ್ತು ಮನೆಗೆ ಹೋಗಿ ಔಷಧದ ಡಬ್ಬ ತೆಗೆಯಿರಿ. ಕೆಂಪು ಗೆರೆಯ ಪಟ್ಟಿಗಳನ್ನು ಬೇರೆ ಮಾಡಿ, ಅದರ ಅರ್ಥವನ್ನು ಮನೆಯವರಿಗೆ ಅವರ ಭಾಷೆಯಲ್ಲಿ ಹೇಳಿ. ಅರ್ಧ ಉಳಿದ ಪಟ್ಟಿ ಹಿಡಿದು "ಇದೇ ಕೊಡಿ" ಎಂದು ಅಂಗಡಿಗೆ ಹೋಗಬೇಡಿ. ನಮ್ಮಲ್ಲಿ ಬಹಳ ಜನ ಅಬ್ಬಾ ಅಮ್ಮಿಗೆ ರಿಪೋರ್ಟು ಓದಿ ಹೇಳುವವರು. ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಡಾಕ್ಟರನ್ನು ಇನ್ನೊಂದು ಸಲ ಕೇಳಿ. ನಾನು ಕೇಳಲಿಲ್ಲ.

ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಹೇಳಿಕೊಂಡು ಒಟ್ಟಾಗಿ ಕೆಲಸ ಮಾಡುತ್ತವೆ. ನಮ್ಮ ಕಾಲೇಜಿನಲ್ಲಿ ಮೇಲಿನ ಮಹಡಿಯ ಸೈನ್ಸ್‌ನವರೂ ಕೆಳಗಿನ ಕಾಮರ್ಸ್‌ನವರೂ ವರ್ಷದಲ್ಲಿ ಒಂದು ಸಲ, ಸ್ಪೋರ್ಟ್ಸ್ ಡೇ ದಿನ ಮಾತಾಡುತ್ತೇವೆ. ಮೊದಲ ಶನಿವಾರಕ್ಕೆ ಐದು ಜನ ಬಂದರೂ ಸಾಕು, ಕೋರಂ ಆಗುತ್ತದೆ. ನನ್ನ ಗೆಳತಿ ಬರುತ್ತೇನೆ ಎಂದಿದ್ದಾಳೆ. ಇನ್ನು ಮೂವರು ಬೇಕು.